ಕಿವಿ ಕೈಕೊಟ್ಟ ಮೇಲೆ

ಕಿವಿ ಕೈಕೊಟ್ಟವನಿಗೆ ಇಂಥ ಪೇಚುಗಳು ತಪ್ಪುವುದಿಲ್ಲ. ಸುತ್ತಲಿನವರು ನಕ್ಕು ಮುಗಿಸಿದ ಮೇಲೆ, ನಕ್ಕದ್ದು ನನ್ನನ್ನೇ ನೋಡಿ ಎಂದು ನನಗೆ ಗೊತ್ತಾಗುತ್ತಿತ್ತು.

೧. ಪಾಠ

ಎಪ್ಪತ್ತರ ದಶಕದ ಕೊನೆ. ಹೊಸನಗರದ ಹೈಸ್ಕೂಲೊಂದರಲ್ಲಿ ನಾನು ವಿಜ್ಞಾನದ ಮೇಷ್ಟ್ರು. "ವಸ್ತು ನಡುಗಿದರೆ ಗಾಳಿ ನಡುಗುತ್ತದೆ, ಗಾಳಿ ನಡುಗಿದರೆ ಕಿವಿತಮಟೆ ನಡುಗುತ್ತದೆ, ಅದೇ ಶಬ್ದ" ಎಂದು ಹೇಳಿ, ಟ್ಯೂನಿಂಗ್ ಫೋರ್ಕನ್ನು ರಬ್ಬರಿಗೆ ಬಡಿದು ಕಿವಿಯ ಹತ್ತಿರ ಹಿಡಿದೆ. ನಡುಗುವುದು ಕಣ್ಣಿಗೆ ಕಾಣುತ್ತಿತ್ತು. ಶಬ್ದವಿಲ್ಲ. ಇನ್ನೂ ಜೋರಾಗಿ ಬಡಿದೆ. ಇಲ್ಲ.

"ಇದು ಹಾಳಾಗಿದೆ ಕಣ್ರೋ."

ಹಿಂದಿನ ಬೆಂಚಿನ ಹುಡುಗಿ ಎದ್ದು ನಿಂತು ಕೂಗಿದಳು: "ಅದು ಕೇಳ್ತದೆ ಸಾರ್. ಬೆಲ್ ಹೊಡೆದದ್ದೂ ಕೇಳ್ತು. ಮನೆಗೆ ಹೋಗ್ಬಹುದಾ?"

೨. ಡಾಕ್ಟರು

ಸಾಗರದ ಕಿವಿ ಡಾಕ್ಟರು ಅಂಥದ್ದೇ ಫೋರ್ಕನ್ನು ನನ್ನ ಕಿವಿಯ ಹಿಂದಿನ ಎಲುಬಿಗೆ ಒತ್ತಿದರು. ಗುಂಯ್ ಎಂದಿತು! ಕಿವಿಯ ಮುಂದೆ ಹಿಡಿದರೆ ಏನೂ ಇಲ್ಲ.

"ಒಳಗಿನ ಸಣ್ಣ ಎಲುಬೊಂದು ಅಲ್ಲಾಡ್ತಿಲ್ಲ ಮೇಷ್ಟ್ರೇ," ಎಂದು ಕಿವಿಗೆ ಬಾಯಿಟ್ಟು ಕೂಗಿದರು. "ಗಾಳಿಯ ನಡುಕ ಒಳಗೆ ದಾಟೋದಿಲ್ಲ. ತಲೆಬುರುಡೆಯಿಂದ ಹೋದ್ರೆ ಕೇಳ್ತದೆ. ಮುಂದೆ ಇನ್ನೂ ಹೆಚ್ಚಾಗಬಹುದು."

ಮೇಷ್ಟರ ಕೆಲಸ ಉಳಿಯುತ್ತದೆಯೇ? ಜೊತೆಗೆ ಬಂದಿದ್ದ ಹೆಂಡತಿ ಬೀದಿಗೆಲ್ಲ ಕೇಳುವಂತೆ ಕೇಳಿದಳು: "ಹಂಗಾದ್ರೆ ಇವರಿಗೆ ಏನಾದ್ರೂ ಹೇಳ್ಬೇಕಾದ್ರೆ ತಲೆಗೇ ಕುಟ್ಟಬೇಕಾ ಡಾಕ್ಟ್ರೇ?"

ಡಾಕ್ಟರು ಚೀಟಿ ಬರೆಯುತ್ತಲೇ ಏನೋ ಹೇಳಿದರು. ಬಸ್ಸಿನಲ್ಲಿ ಅವಳೇ ತಿಳಿಸಿದಳು: "ಮೆಲ್ಲಗೆ ಕುಟ್ಟಿ ಅಂದ್ರು."

೩. ಸಿಳ್ಳೆ

ಆಮೇಲೆ ಕಿವಿಯ ಯಂತ್ರ ಬಂತು. ಅಂಗಿಯ ಜೇಬಿನಲ್ಲಿ ಡಬ್ಬಿ, ಅದರಿಂದ ಕಿವಿಗೆ ವೈರು, ವೈರಿನ ತುದಿಗೆ ಕಿವಿಯೊಳಗೆ ಸಿಕ್ಕಿಸುವ ಬಿರಡೆ. ಬಿರಡೆ ಕಳಚಿ ಡಬ್ಬಿಯ ಹತ್ತಿರ ಬಂದರೆ ಕೀಂಯ್ ಎಂದು ಸಿಳ್ಳೆ.

ಆ ವರ್ಷವೇ ತೀರ್ಥಹಳ್ಳಿಯಲ್ಲಿ ಭಾವ ತೀರಿಕೊಂಡರು. ಬಸ್ ಕಂಡಕ್ಟರಾಗಿದ್ದವರು. ಅಕ್ಕ ಅಳಲಿಲ್ಲ, ಮಾತಾಡಲಿಲ್ಲ, ಗೋಡೆ ನೋಡುತ್ತ ಕೂತುಬಿಟ್ಟಿದ್ದಳು. ನಮಗೆಲ್ಲ ಅದೇ ಹೆದರಿಕೆ. ಭಾವನ ಜೊತೆ ವರ್ಷಗಟ್ಟಲೆ ಬಸ್ಸು ಓಡಿಸಿದ್ದ ಡ್ರೈವರು ಅತ್ತು ಅತ್ತು ಸುಸ್ತಾಗಿ ಕಂಬಕ್ಕೊರಗಿ ತೂಕಡಿಸುತ್ತಿದ್ದರು.

ಬಗ್ಗಿ ಅಕ್ಕನ ಕೈ ಹಿಡಿದೆ. ಬಿರಡೆ ಕಳಚಿ ಜೇಬಿನ ಮೇಲೆ ಬಿತ್ತು. ಸಾವಿನ ಮನೆ ತುಂಬ ಸಿಳ್ಳೆ!

ಡ್ರೈವರು ಬೆಚ್ಚಿಬಿದ್ದು, ಬ್ರೇಕ್ ತುಳಿಯುವಂತೆ ಬಲಗಾಲನ್ನು ನೆಲಕ್ಕೊತ್ತಿ ಅರಚಿದರು: "ಯಾರ್ರೀ ಇಳಿಯೋರು?"

ಅಕ್ಕನ ಭುಜ ಕುಲುಕುತ್ತಿತ್ತು. ಅಳು ಎಂದುಕೊಂಡು ಬಿರಡೆಯನ್ನು ಕಿವಿಗೆ ಸಿಕ್ಕಿಸಿಕೊಂಡೆ. ನಗು!

"ಇಳಿಯೋರು ಆಗ್ಲೇ ಇಳಿದಾಯ್ತಲ್ಲ ಮಾರಾಯ್ರೇ," ಎಂದಳು. ಹೊಟ್ಟೆ ಹಿಡಿದುಕೊಂಡು ನಕ್ಕಳು. ಆಮೇಲೆ ಅತ್ತಳು.