ಮೊಣಕೈ ಮತ್ತು ಮಹಾಪ್ರಾಣ

ನನ್ನ ಹೆಂಡತಿಯ ಎಡ ಮೊಣಕೈಯಷ್ಟು ಚೂಪಾದ ವಸ್ತು ನಮ್ಮ ಮನೆಯಲ್ಲಿ ಇನ್ನೊಂದಿಲ್ಲ. (ಅಡುಗೆಮನೆಯ ಚಾಕುವನ್ನೂ ಸೇರಿಸಿಯೇ ಹೇಳುತ್ತಿದ್ದೇನೆ.) ಕಣ್ಣಿಗೆ ನಿದ್ದೆ ಹತ್ತಿತೋ ಇಲ್ಲವೋ, ಪಕ್ಕೆಗೆ ಒಂದು ತಿವಿತ! ಮೂರು ತಿಂಗಳಿಂದ ಇದೇ ಪಾಡು. ನಾನು ಪತ್ರಿಕೆಯೊಂದರಲ್ಲಿ ಕರಡು ತಿದ್ದುವವನು. ಮೊನ್ನೆ ತೂಕಡಿಕೆಯಲ್ಲಿ 'ಸಚಿವರ ಭೇಟಿಗೆ ಜನರ ಸಾಲು' ಎಂಬುದು 'ಸಚಿವರ ಬೇಟೆಗೆ ಜನರ ಸಾಲು' ಎಂದು ಅಚ್ಚಾಗಿಬಿಟ್ಟಿತು. "ಇನ್ನೊಂದು ತಪ್ಪಾದ್ರೆ ಮನೆಗೆ ನಡೀರಿ," ಎಂದರು ಸಂಪಾದಕರು.

"ಯಾಕೆ ಹೀಗೆ ತಿವೀತೀಯೆ?" ಎಂದು ಅವಳನ್ನು ಕೇಳಿಯೂ ಇದ್ದೆ.

"ನೀವು ಮಲಗಿದ್ರೆ ನಂಗೆ ಬಯ—"

"ಬಯ ಅಲ್ಲ ಕಣೇ, ಭಯ! ಮಹಾಪ್ರಾಣ. ಹೊಟ್ಟೆಯಿಂದ ಉಸಿರು ಬರಬೇಕು."

"ಹೋಗ್ರೀ!" ಎಂದು ಎದ್ದು ಹೋದಳು. ವ್ಯಾಕರಣದ ಪಾಠವೂ ವಿಚಾರಣೆಯೂ ಅಲ್ಲಿಗೇ ಮುಗಿದವು.

ಇದು ನಿದ್ದೆಯಲ್ಲಿ ಕೈ ಬೀಸುವ ರೋಗವೇ ಸರಿ ಎಂದು ನಾನೇ ತೀರ್ಪು ಕೊಟ್ಟು, ಅವಳನ್ನು ಸಮ್ಮೋಹನ ಚಿಕಿತ್ಸೆಯ ಡಾಕ್ಟರ ಬಳಿ ಎಳೆದೊಯ್ದೆ. ಮೆತ್ತನೆಯ ಕುರ್ಚಿಯಲ್ಲಿ ಅವಳನ್ನು ಒರಗಿಸಿ, ಪರದೆ ಎಳೆದು, "ಕಣ್ಣು ಬಾರವಾಗ್ತಿದೆ..." ಎಂದರು ಡಾಕ್ಟರು.

"ಭಾರ," ಎಂದೆ.

"ನೀವು ಸ್ವಲ್ಪ ಬಾಯಿ ಮುಚ್ಕೊಂಡಿರ್ತೀರಾ?"

(ಹದಿನೇಳು ವರ್ಷದಿಂದ ಅವಳ ನಾಲಿಗೆಯ ತುದಿಯಲ್ಲಿದ್ದ ಮಾತು! ಅದನ್ನು ಕೇಳಿದ ನೆಮ್ಮದಿಗೇ ಅವಳು ಮಂಪರಿಗೆ ಜಾರಿದಳು.)

"ಮಲಗಿದಾಗ ಏನಾಗುತ್ತಮ್ಮಾ?"

"ಇವರ ಗೊರಕೆ ಇದ್ದಕ್ಕಿದ್ದ ಹಾಗೆ ನಿಲ್ಲುತ್ತೆ. ಉಸಿರೂ ನಿಂತುಹೋಗುತ್ತೆ. ತಿವಿದ್ರೆ ವಾಪಸ್ ಬರುತ್ತೆ. ಮತ್ತೆ ನಿಂತ್ರೆ ಅಂತ ಎದ್ದು ಕೂತೇ ಇರ್ತೀನಿ. ತುಂಬಾ ಬಯ ಆಗುತ್ತೆ."

ನಾನು ತಿದ್ದಲಿಲ್ಲ. ನನಗಾಗಿ ನಿದ್ದೆಗೆಟ್ಟವಳ ಮೇಲೆಯೇ ದೂರು ಹೊತ್ತುಕೊಂಡು ಬಂದಿದ್ದೆನಲ್ಲ!

"ರೋಗಿ ಇವರಲ್ಲ, ನೀವು," ಎಂದರು ಡಾಕ್ಟರು. "ಇದು ಸಮ್ಮೋಹನಕ್ಕೆ ಬಗ್ಗೋದಲ್ಲ. ಮೊದಲು ಉಸಿರಿನ ಪರೀಕ್ಷೆ ಮಾಡಿಸಿ."

ಈಗ ನನ್ನ ಮೂಗಿಗೆ ಗಾಳಿ ಊದುವ ಯಂತ್ರ ಬಂದಿದೆ; ನನ್ನ ಕಣ್ಣು ಚುರುಕಾಗಿ ಕೆಲಸವೂ ಉಳಿದಿದೆ. ಆದರೂ ಅಭ್ಯಾಸಬಲದಿಂದ ಎಚ್ಚರವಾಗುತ್ತಿದ್ದ ಅವಳಿಗೆ ಡಾಕ್ಟರು ನಾಲ್ಕು ಸಲ ಸಮ್ಮೋಹನ ಮಾಡಿ, "ಇನ್ನು ನಿಶ್ಚಿಂತೆಯಿಂದ ಮಲಗಿ," ಎಂದು ಸೂಚನೆ ಕೊಟ್ಟರು. ಪಾಪ, ಮಗುವಿನಂತೆ ಮಲಗುತ್ತಾಳೆ. ಅಲ್ಪವೋ ಮಹಾವೋ, ಈ ಪ್ರಾಣ ಆ ಮೊಣಕೈ ಉಳಿಸಿಕೊಟ್ಟದ್ದು. ಅದಕ್ಕೆ ಎಷ್ಟು ಸಲ ಕೈ ಮುಗಿದರೂ ಸಾಲದು.

ಒಂದೇ ತೊಂದರೆ. ಹಾಡುಹಗಲಲ್ಲೂ ನಾನು ಅವಳ ಮಾತು ತಿದ್ದಿದರೆ ಅವಳಿಗೆ ಕೇಳಿಸುವುದೇ ಇಲ್ಲ. ಗಾಬರಿಯಾಗಿ ಡಾಕ್ಟರಿಗೆ ಫೋನ್ ಮಾಡಿ, "ನಾನು ತಿದ್ದೋದು ಕೇಳಿಸಬಾರದು ಅಂತ ಕೊಟ್ಟ ಆ ಒಂದು ಸೂಚನೆ ಮಾತ್ರ ವಾಪಸ್ ತಗೊಳ್ಳಿ ಸಾರ್," ಎಂದು ಬೇಡಿಕೊಂಡೆ.

"ಅಂಥ ಸೂಚನೆ ನಾನು ಕೊಟ್ಟೇ ಇಲ್ವಲ್ಲ," ಎಂದರು.