ನೊರೆ ಬಿಟ್ಟು ಅಳೆಯುವ ಕೈ

ನನ್ನಿಂದ ಯಾವ ಕೆಲಸವನ್ನಾದರೂ ಮಾಡಿಸಿಕೊಳ್ಳುವುದು ಬಹಳ ಸುಲಭ. ಹೊಗಳಬೇಕಾಗಿಲ್ಲ, ಕಾಡಬೇಕಾಗಿಲ್ಲ, ‘ನೀವು ಬಿ.ಎಸ್ಸಿ. ಅಲ್ವಾ?’ ಎಂದರೆ ಸಾಕು. ನಮ್ಮ ವಂಶದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೇ ಮೊದಲು. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತಳಾದ ಮೇಲೂ ಯಾರಾದರೂ ಆ ಪದವಿಯನ್ನು ನೆನಪಿಸಿದರೆ ಬೆನ್ನು ತಾನಾಗಿ ನೆಟ್ಟಗಾಗುತ್ತದೆ. ಈ ದೌರ್ಬಲ್ಯದಿಂದಾಗಿ ಪಕ್ಕದ ಮನೆಯವರ ಮಿಕ್ಸಿ ಬಿಚ್ಚಲು ಕೂತು ಶಾಕ್ ಹೊಡೆಸಿಕೊಂಡಿದ್ದೇನೆ. ಆದರೂ ಬಿಯರ್ ಹಬ್ಬದಲ್ಲಿ ಸ್ವಯಂಸೇವಕಿಯಾಗಿ ನಿಲ್ಲುತ್ತೇನೆಂದು ಎಣಿಸಿರಲಿಲ್ಲ.

ಜರಗನಹಳ್ಳಿಯ ನಮ್ಮ ಮನೆಯ ಮಹಡಿಯಲ್ಲಿ ಶ್ರಾವ್ಯ ಎಂಬ ಹುಡುಗಿ ಬಾಡಿಗೆಗಿದ್ದಾಳೆ. ಬೊಮ್ಮನಹಳ್ಳಿ ಕಡೆಯ ಒಂದು ಸಣ್ಣ ಘಟಕದಲ್ಲಿ ರಾಗಿ ಬೆರೆಸಿ ಬಿಯರ್ ತಯಾರಿಸುವುದು ಅವಳ ಕಸುಬು. ಒಂದು ದಿನ ಮುಖ ಸಣ್ಣದು ಮಾಡಿಕೊಂಡು ಕೆಳಗಿಳಿದು ಬಂದಳು. ಜೆ.ಪಿ. ನಗರದ ಒಂದು ಕಲ್ಯಾಣಮಂಟಪದ ಹುಲ್ಲುಹಾಸಿನ ಮೇಲೆ ಇಂಥ ಸಣ್ಣ ತಯಾರಕರದ್ದೇ ಹಬ್ಬವಂತೆ. ಜೊತೆಗಾರ್ತಿ ಸ್ಕೂಟರಿನಿಂದ ಬಿದ್ದು ಕೈ ಮುರಿದುಕೊಂಡಿದ್ದಾಳಂತೆ. ‘ಸಂಜೆ ಜಯನಗರದ ಒಬ್ರು ರೆಸ್ಟೋರೆಂಟ್ ಓನರ್ ಟೇಸ್ಟ್ ನೋಡೋಕೆ ಬರ್ತಾರೆ ಮೇಡಂ. ಒಪ್ಪಿದ್ರೆ ಅವರಲ್ಲಿ ನಮ್ಮ ಬಿಯರ್ ಪರ್ಮನೆಂಟ್. ಇಲ್ಲಾಂದ್ರೆ ಇದೇ ನನ್ನ ಕೊನೇ ಬ್ಯಾಚು. ನೀವು ಬರೀ ನಲ್ಲಿ ತಿರುಗ್ಸಿ ಲೋಟ ಹಿಡಿದ್ರೆ ಸಾಕು. ಬಿ.ಎಸ್ಸಿ. ಕೆಮಿಸ್ಟ್ರಿ ಮಾಡಿರೋರಿಗೆ ಅದನ್ನೂ ಹೇಳ್ಕೊಡ್ಬೇಕಾ?’ ಎಂದಳು. ಅಷ್ಟೇ. ಬೆನ್ನು ನೆಟ್ಟಗಾಯಿತು.

‘ನಿನ್ನ ಹಳೇ ಸ್ಟೂಡೆಂಟ್ಸ್ ಬಂದ್ರೆ ಏನ್ಮಾಡ್ತೀಯ?’ ಎಂದರು ನಮ್ಮೆಜಮಾನರು. ಬಂದೇ ಬಂದರು. ಹಬ್ಬ ಶುರುವಾದ ಸ್ವಲ್ಪ ಹೊತ್ತಿಗೇ ಒಬ್ಬ ಗಡ್ಡದವನು ಪಕ್ಕದವನನ್ನು ತಿವಿದು, ‘ಮಗಾ, ಸೈನ್ಸ್ ಮಿಸ್ ಕಣೋ!’ ಎಂದು ಲೋಟವನ್ನು ಬೆನ್ನ ಹಿಂದೆ ಬಚ್ಚಿಟ್ಟ. ಚೂಡಿದಾರದ ಮೇಲೆ ಹಬ್ಬದ ಟೀ ಶರ್ಟು ತೊಟ್ಟು ನಿಂತಿದ್ದ ನಾನು, ‘ಬಚ್ಚಿಟ್ರೆ ಹೇಗೋ ತುಂಬಿಸ್ಲಿ? ಇಲ್ಲಿ ಕೊಡು’ ಎಂದೆ.

ಶ್ರಾವ್ಯ ಎರಡು ಪೀಪಾಯಿ ತಂದಿದ್ದಳು. ನನ್ನನ್ನು ನಲ್ಲಿಯ ಬಳಿ ನಿಲ್ಲಿಸಿ, ಹಬ್ಬ ನಡೆಸುವವರು ಕರೆದರೆಂದು ಆಚೆ ಹೋದಳು. ನಲ್ಲಿ ತಿರುಗಿಸಿದೆ. ಬುಸ್ಸೆಂದು ನೊರೆ ಎದ್ದಿತು. ಅಷ್ಟೇ ನೋಡಿ, ಬಿ.ಎಸ್ಸಿ. ಎಲ್ಲೋ ಹೋಯಿತು, ಹಾಲಿನವರ ಮನೆಯ ಹುಡುಗಿ ಎದ್ದು ನಿಂತಳು.

ನಮ್ಮಪ್ಪ ಹಸು ಸಾಕಿ, ಸೈಕಲ್ಲಿಗೆ ಕ್ಯಾನು ಕಟ್ಟಿಕೊಂಡು ಜಯನಗರದ ಮನೆಮನೆಗೆ ಹಾಲು ಹಾಕುತ್ತಿದ್ದವರು. ಸ್ಕೂಲಿಗೆ ಮುಂಚೆ ನಾನೂ ಜೊತೆಗಿರುತ್ತಿದ್ದೆ. ಬೆಳಗಿನ ಚಳಿ, ಒದ್ದೆ ರಂಗೋಲಿ, ಒಳಗಿನಿಂದ ಬರುವ ಕಾಫಿ ಡಿಕಾಕ್ಷನ್ನಿನ ಘಮ, ಬಾಗಿಲಲ್ಲಿ ಪಾತ್ರೆ ಹಿಡಿದು ನಿಂತ ಅಮ್ಮಂದಿರು. ಎಲ್ಲರದೂ ಒಂದೇ ಮಾತು: ‘ನೊರೆ ಬಿಟ್ಟು ಹಾಕಪ್ಪಾ!’ ಅಪ್ಪ ಪಾವಿನ ಮೇಲೆ ಬೆರಳಾಡಿಸಿ ನೊರೆ ಸರಿಸಿ, ಕಂಠಮಟ್ಟ ತುಂಬಿಸಿ ಹುಯ್ದು, ಮೇಲೊಂದು ಚಿಮುಕು ಕೊಸರು ಹಾಕುತ್ತಿದ್ದರು. ನೊರೆ ಸೇರಿಸಿ ಅಳೆಯುವವನು ನಮ್ಮ ಮನೆಯ ಲೆಕ್ಕದಲ್ಲಿ ಕಳ್ಳ. ‘ಹಾಲಿನವನ ಮಗಳಿಗೆ ಕಾಲೇಜು ಯಾಕಯ್ಯಾ?’ ಎಂದು ಕೇಳಿದ ಮನೆಗೂ ಅಪ್ಪ ಮಾತಿಲ್ಲದೆ ಕೊಸರು ಹಾಕಿಯೇ ಬಂದರು. ನನ್ನ ಫಲಿತಾಂಶ ಬಂದ ಮರುದಿನ ಮಾತ್ರ ಪ್ರತಿ ಮನೆಯ ಪಾತ್ರೆಗೂ ಪಾವು ಹಾಲು ಹೆಚ್ಚು ಸುರಿದು, ‘ಮಗಳು ಬಿ.ಎಸ್ಸಿ. ಆದ್ಲು ತಾಯಿ’ ಎಂದು ಹೇಳುತ್ತ ಹೋದರು. ಆ ಮನೆಯ ಮುಂದೆ ಸ್ವಲ್ಪ ಜೋರಾಗಿಯೇ ಹೇಳಿದರು.

ಇಂಥ ಕೈಗೆ ಲೋಟದ ಮುಕ್ಕಾಲು ಪಾಲು ಬಿಯರು, ಮೇಲೆ ನೊರೆ ಎಂದರೆ ಹೇಗೆ ಒಗ್ಗೀತು? ಒಂದು ಚಮಚ ಹುಡುಕಿದೆ. ನೊರೆಯನ್ನೆಲ್ಲ ಬಳಿದು ಜಗ್ಗಿಗೆ ಹಾಕಿದೆ. ಮತ್ತೆ ತುಂಬಿಸಿದೆ, ಮತ್ತೆ ಬಳಿದೆ. ಬಿಯರು ಅಂಚಿಗೆ ಬಂದು ನಿಂತ ಮೇಲೆ, ಬಂದವರಿಗೆ ಒಂದು ಗುಟುಕು ಕುಡಿಸಿ, ಆದ ಜಾಗಕ್ಕೆ ಕೊಸರು ಹಾಕಿದೆ. ‘ಆಂಟಿ, ನೀವು ಸಖತ್!’ ಎಂದ ಒಬ್ಬ. ‘ಗುರು, ಇಲ್ಲಿ ಬಾ, ಫುಲ್ ಕೊಡ್ತಾವ್ರೆ’ ಎಂದು ಕೂಗಿದ ಇನ್ನೊಬ್ಬ. ಬೇರೆ ಮಳಿಗೆಗಳ ಮುಂದೆ ನೊಣವಿಲ್ಲ, ನಮ್ಮ ಮುಂದೆ ಗೇಟಿನ ತನಕ ಸಾಲು. ಶ್ರಾವ್ಯಳ ಬದುಕು ನನ್ನಿಂದ ನೇರವಾಯಿತೆಂದು ಹಿಗ್ಗಿದೆ.

ಅವಳು ವಾಪಸು ಬರುವ ಹೊತ್ತಿಗೆ ಎರಡನೇ ಪೀಪಾಯಿ ಗೊರಗುಟ್ಟುತ್ತಿತ್ತು. ಬಂದವಳು ಒಬ್ಬರ ಲೋಟ ನೋಡಿ ನಿಂತುಬಿಟ್ಟಳು.

‘ಮೇಡಂ, ನೊರೆ ಎಲ್ಲಿ?’

‘ತೆಗ್ದು ಹಾಕಿದೀನಮ್ಮ.’

‘ಅಯ್ಯೋ, ಘಮ ಇರೋದೇ ಅದ್ರಲ್ಲಿ ಮೇಡಂ! ಅದಿಲ್ದೆ ಹೋದ್ರೆ ಹಳಸಿದ ಬಿಯರ್ ಥರ ಕಾಣ್ಸತ್ತೆ!’ ಪೀಪಾಯಿಯನ್ನು ಅಲುಗಾಡಿಸಿದಳು. ಅದು ಹಗುರವಾಗಿ ಓಲಾಡಿತು. ‘ಖಾಲಿ! ಆ ಓನರ್‌ಗೆ ಏನ್ ಕೊಡ್ಲಿ?’

‘ಹೆದರ್ಬೇಡ’ ಎಂದೆ ಹೆಮ್ಮೆಯಿಂದ. ‘ನಾನೇನೂ ವೇಸ್ಟ್ ಮಾಡಿಲ್ಲ. ನೊರೆಯೆಲ್ಲಾ ಜಗ್‌ನಲ್ಲಿದೆ.’

ಅವಳು ಜಗ್ಗನ್ನು ನೋಡಿದಳು, ನನ್ನನ್ನು ನೋಡಿದಳು, ಸ್ಟೂಲಿನ ಮೇಲೆ ಕುಸಿದಳು. ಅದೇ ಹೊತ್ತಿಗೆ ಸಾಲಿನಲ್ಲಿದ್ದ ದಪ್ಪನೆಯ ಮನುಷ್ಯರೊಬ್ಬರು ನಾನು ತುಂಬಿಸಿಕೊಟ್ಟ ಲೋಟ ಹಿಡಿದುಕೊಂಡೇ ಮುಂದೆ ಬಂದರು. ‘ಶ್ರಾವ್ಯ ಅಂದ್ರೆ ನೀವೇನಾ? ಬೇಗ ಬಂದೆ, ಕ್ಯೂನಲ್ಲೇ ನಿಂತೆ. ರುಚಿ ಏನೋ ಇದೆ, ಆದ್ರೆ ಜೀವಾನೇ ಇಲ್ವಲ್ಲಮ್ಮ ಇದ್ರಲ್ಲಿ?’ ಎಂದರು.

ಶ್ರಾವ್ಯ ನನ್ನತ್ತ ಬೆರಳು ತೋರಿಸಲಿಲ್ಲ. ಅದೇ ನನ್ನನ್ನು ಕೊಂದಿತು. ‘ನನಗೆ ಗೊತ್ತಿರಲಿಲ್ಲ’ ಎಂಬ ವಾಕ್ಯವನ್ನು ತರಗತಿಯಲ್ಲಿ ಮಕ್ಕಳಿಂದ ಹೇಳಿಸಿದ್ದೇನೆಯೇ ಹೊರತು ನಾನು ಹೇಳಿದವಳಲ್ಲ. ಅಷ್ಟು ಜನ, ಅದರಲ್ಲೂ ಆ ಗಡ್ಡದ ಶಿಷ್ಯ ಕಿವಿ ನಿಮಿರಿಸಿಕೊಂಡು ನಿಂತಿರುವಾಗ, ಹೇಳಿದೆ. ‘ತಪ್ಪು ಬಿಯರ್‌ದಲ್ಲ ಸಾರ್, ನಂದು. ಹಾಲು ಅಳೆದ ಕೈ ಇದು. ನೊರೆ ಇರ್ಬೇಕು ಅಂತ ನಂಗೆ ಗೊತ್ತಿರ್ಲಿಲ್ಲ. ಇನ್ನೊಂದು ಸಲ ನೋಡಿ.’

ಶ್ರಾವ್ಯ ಎದ್ದಳು. ಪೀಪಾಯಿಯನ್ನು ನಾನು ವಾಲಿಸಿ ಹಿಡಿದೆ, ಅವಳು ನಲ್ಲಿ ಬಿಟ್ಟಳು. ಅರ್ಧ ಲೋಟಕ್ಕಿಂತ ಕಡಿಮೆ ಬಂತು, ಮೇಲೆ ದಟ್ಟ ನೊರೆ. ನನ್ನ ಕೈ ಚಮಚದ ಕಡೆ ಹೋಗದಂತೆ ಪೀಪಾಯಿಯನ್ನು ಬಿಗಿಯಾಗಿ ತಬ್ಬಿಕೊಂಡಿದ್ದೆ. ಅವರು ಮೂಸಿದರು, ಒಂದು ಗುಟುಕು ಕುಡಿದರು, ಕಣ್ಣು ಮುಚ್ಚಿದರು. ಇಷ್ಟು ವರ್ಷ ಎಷ್ಟೋ ಮಕ್ಕಳನ್ನು ಫಲಿತಾಂಶಕ್ಕೆ ಕಾಯಿಸಿದ ಪಾಪವೆಲ್ಲ ಆಗ ತೀರಿತು.

‘ರಾಗಿ ಗೊತ್ತಾಗ್ತಿದೆ ಈಗ’ ಎಂದರು. ‘ಸೋಮವಾರ ಬನ್ನಿ, ಮಾತಾಡೋಣ.’ ಎರಡು ಹೆಜ್ಜೆ ಹೋದವರು ತಿರುಗಿ, ‘ಆದ್ರೆ ಸುರಿಯೋಕೆ ಈ ಮೇಡಂನ ಮಾತ್ರ ಕಳಿಸ್ಬೇಡೀಮ್ಮ, ನಾನು ಬೀದಿಗೆ ಬರ್ತೀನಿ’ ಎಂದರು. ಎಲ್ಲರಿಗಿಂತ ಜೋರಾಗಿ ನಕ್ಕವಳು ಶ್ರಾವ್ಯ.

ಈಗ ಭಾನುವಾರಗಳಂದು ಮಹಡಿಯಲ್ಲಿ ಅವಳು ಮೇಷ್ಟ್ರು, ನಾನು ವಿದ್ಯಾರ್ಥಿನಿ. ಲೋಟ ಓರೆ ಹಿಡಿಯಬೇಕು, ಮೆಲ್ಲಗೆ ನೆಟ್ಟಗೆ ಮಾಡಬೇಕು, ಮೇಲೆ ಎರಡು ಬೆರಳಷ್ಟು ನೊರೆ ನಿಲ್ಲಬೇಕು. ನಿಲ್ಲಿಸುತ್ತೇನೆ. ಯಾಕೆ ನಿಲ್ಲುತ್ತದೆಂದು ಅವಳಿಗೇ ಸಮೀಕರಣ ಬರೆದು ವಿವರಿಸುತ್ತೇನೆ. ಆದರೆ ಹಾಗೆ ತುಂಬಿದ ಲೋಟವನ್ನು ಇನ್ನೊಬ್ಬರ ಕೈಗೆ ಕೊಡುವಾಗ ಮೈಯೆಲ್ಲ ಸಂಕೋಚ. ಯಾರದೋ ಮನೆಯ ಬಾಗಿಲಲ್ಲಿ ಅಪ್ಪನ ಹೆಸರು ಕೆಡಿಸಿ ಓಡಿ ಬಂದ ಹಾಗೆ. ನೊರೆ ಬಳಿಯಲೆಂದು ಕೊಟ್ಟ ಲೋಟವನ್ನು ಹಿಂದಕ್ಕೆ ಕಿತ್ತುಕೊಳ್ಳುತ್ತೇನೆ.

‘ಥಿಯರಿ ಫಸ್ಟ್ ಕ್ಲಾಸ್ ಮೇಡಂ’ ಎಂದಳು ಹೋದ ವಾರ. ‘ಪ್ರಾಕ್ಟಿಕಲ್ ಮತ್ತೆ ಫೇಲು.’