ಡಿಸ್ಕ್ ಡ್ರೈವಿನ ಕಾಲ್ಗುಣ

ನಮ್ಮ ಮನೆಯ ಹಳೆಯ ಕಂಪ್ಯೂಟರಿಗೆ ನನ್ನನ್ನು ಕಂಡರೆ ಆಗುವುದಿಲ್ಲ. ಇದು ನನ್ನ ಅಭಿಪ್ರಾಯವಲ್ಲ, ನನ್ನ ಹೆಂಡತಿಯದು. ನಾನು ವಿಜ್ಞಾನ ಓದಿದವನು. ಯಂತ್ರಗಳಿಗೆ ರಾಗದ್ವೇಷಗಳಿಲ್ಲ ಎಂದು ನಂಬಿದವನು. ಆದರೆ ಅದರ ಡಿಸ್ಕ್ ಡ್ರೈವಿನ ವರ್ತನೆ ನೋಡಿದರೆ ಆ ನಂಬಿಕೆ ಅಲ್ಲಾಡುವಂತಿತ್ತು. ನಾನು ಡಿಸ್ಕ್ ಹಾಕಿದರೆ ಗರ್ ಗರ್ ಎಂದು ಗೊಣಗಿ, ಸ್ವಲ್ಪ ಯೋಚಿಸಿ, ಬಡಿಸಿದ್ದು ರುಚಿಸದ ನೆಂಟನಂತೆ ತಟ್ಟೆಯನ್ನು ಮುಂದಕ್ಕೆ ತಳ್ಳಿಬಿಡುತ್ತಿತ್ತು. ನಾನು ಹೊರಗೆ ಹೋದೆನೋ, ಜಾಣ ಮಗುವಿನ ಹಾಗೆ ಓದುತ್ತಿತ್ತು.

ಹಾಕಿದ್ದು ನಮ್ಮ ಮದುವೆಯ ಡಿಸ್ಕ್. ನೋಡಬೇಕಾದವರು ನಮ್ಮತ್ತೆ. ಮಗಳ ಮದುವೆಯ ದಿನ ಅವರು ಅಡುಗೆಮನೆ ಬಿಟ್ಟು ಹೊರಗೆ ಬರಲೇ ಇಲ್ಲವಂತೆ. “ಎಲ್ರೂ ಚೆನ್ನಾಗಿತ್ತು ಅಂದ್ರು. ನಾನು ನೋಡಿದ್ದು ಒಲೆ ಒಂದನ್ನೇ” ಎಂದು ಅವರು ನಗುತ್ತಲೇ ಹೇಳಿದ್ದರೂ, ಆ ಮಾತು ನನಗೆ ಎಲ್ಲೋ ತಾಕಿತ್ತು. ಇರುವುದು ಒಂದೇ ಡಿಸ್ಕ್, ಅದನ್ನು ನುಂಗುವ ಯಂತ್ರವೂ ಮನೆಯಲ್ಲಿ ಒಂದೇ. ರಿಪೇರಿ ಅಂಗಡಿಗೆ ಕೊಡಬಹುದಿತ್ತು. ಆದರೆ ಮನೆಯಲ್ಲೇ ವಿಜ್ಞಾನ ಪದವೀಧರನಿರುವಾಗ ಅಂಗಡಿಗೆ ಹೋಗುವುದು ಪದವಿಗೆ ಅವಮಾನವಲ್ಲವೇ?

“ನಿಮ್ಮ ಪದವಿಗೆ ಇವತ್ತು ಸಾಯಂಕಾಲದವರೆಗೆ ಟೈಮು” ಎಂದಳು ನನ್ನವಳು. “ಅಷ್ಟರೊಳಗೆ ಅಮ್ಮ ಪೂರ್ತಿ ಮದುವೆ ನೋಡಿದ್ರೆ ಸರಿ. ಇಲ್ದಿದ್ರೆ ಈ ಡಬ್ಬ ಗುಜರಿಗೆ. ಗುಜರಿಯವನಿಗೆ ಫೋನಲ್ಲಿ ಹೇಳಿದ್ದೂ ಆಯ್ತು, ಓಡದೇ ಇರೋ ಹಳೇ ಸಾಮಾನೊಂದು ಬಾಗಿಲ ಹೊರಗೆ ಇರುತ್ತೆ, ತಗೊಂಡು ಹೋಗಪ್ಪಾ ಅಂತ.”

“ಡಬ್ಬ ಅನ್ಬೇಡ ಕಣೇ. ಅದು ನಿನಗಿಂತ ಮೊದಲು ಈ ಮನೆಗೆ ಬಂದಿದ್ದು.”

“ಗೊತ್ತು. ಇಷ್ಟು ವರ್ಷ ಸವತೀನ ಧೂಳು ಒರೆಸಿ ಸಾಕಿದೀನಿ.”

ನಾನು ಕಾರ್ಯಾಚರಣೆಗೆ ಇಳಿದೆ. ನನ್ನ ಪದ್ಧತಿ ಸರಳ: ಒಂದು ಸಲಕ್ಕೆ ಒಂದೇ ಬದಲಾವಣೆ. ಎರಡನ್ನು ಒಟ್ಟಿಗೆ ಬದಲಾಯಿಸಿದರೆ ಯಾವುದರಿಂದ ಏನಾಯಿತೆಂದು ತಿಳಿಯುವುದಿಲ್ಲ. ಮೊದಲು ಡಿಸ್ಕ್ ಒರೆಸಿ ಹಾಕಿದೆ. ತಳ್ಳಿತು. ಆಮೇಲೆ ಡ್ರೈವಿನ ಪುಟ್ಟ ಕಣ್ಣನ್ನು ಹತ್ತಿಯಿಂದ ಒರೆಸಿದೆ. ತಳ್ಳಿತು. ಕೇಬಲ್ ಬದಲಾಯಿಸಿದೆ. ಈ ಸಲ ಸ್ವಲ್ಪ ಜೋರಾಗಿಯೇ ತಳ್ಳಿತು. ಕೈ ತೊಳೆಯಲು ಬಚ್ಚಲಿಗೆ ಹೋದೆ. ಅಷ್ಟರಲ್ಲಿ ಕೋಣೆಯಿಂದ ವಾಲಗದ ಸದ್ದು. ಒದ್ದೆ ಕೈಯಲ್ಲೇ ಓಡಿಬಂದೆ. ತಟ್ಟೆ ಹೊರಗಿತ್ತು.

“ಈಗ ತಾನೇ ಓಡ್ತಿತ್ತು” ಎಂದಳು ಇವಳು. “ನೀವು ಬಂದ್ರಿ, ನಿಂತ್ಹೋಯ್ತು. ಅಮ್ಮ ಬಂದ ಮೇಲೇ ಅದು ಅಷ್ಟಾದ್ರೂ ಓಡೋಕೆ ಶುರು ಮಾಡಿದ್ದು. ಎಲ್ಲಾ ಅಮ್ಮನ ಕಾಲ್ಗುಣ.”

“ಕಾಲಿಗೂ ಡ್ರೈವಿಗೂ ಏನೇ ಸಂಬಂಧ? ಓದಿದೋಳು ಆಡೋ ಮಾತಾ ಇದು?”

“ಅಮ್ಮನ ಕಾಲ್ಗುಣದ ವಿಷಯ ಬಿಡಿ. ನಿಮ್ಮದಂತೂ ಕಣ್ಣೆದುರಿಗೇ ಕಾಣ್ತಿದೆ.”

“ಸುಮ್ನಿರೇ, ಅಳಿಯಂದಿರಿಗೆ ಹಾಗೆಲ್ಲಾ ಅನ್ಬಾರ್ದು” ಎಂದು ಅತ್ತೆಯವರು ಆರಾಮಕುರ್ಚಿಯಲ್ಲಿ ನೆಟ್ಟಗೆ ಕುಳಿತು ಗದರಿದರು. (ನಾನು ಒಳಗೆ ಬಂದಾಗಲೆಲ್ಲ ಅವರು ಹೀಗೆ ನೆಟ್ಟಗೆ ಕೂರುತ್ತಾರೆ. ಒಳ್ಳೆಯ ವಿಜ್ಞಾನಿಯಾಗಿದ್ದರೆ ಇಲ್ಲೇ ನಿಂತು ಯೋಚಿಸುತ್ತಿದ್ದ. ನಾನು ಸ್ಕ್ರೂ ಡ್ರೈವರ್ ಹುಡುಕುತ್ತಿದ್ದೆ.)

ಬದಲಾಯಿಸಲು ಇನ್ನೇನೂ ಉಳಿಯದಾದಾಗ ಒಂದು ಕಹಿ ಸತ್ಯ ಹೊಳೆಯಿತು. ಇಷ್ಟು ಪ್ರಯೋಗಗಳಲ್ಲಿ ಬದಲಾಗದೆ ಉಳಿದದ್ದು ಒಂದೇ, ನಾನು. ಸರಿ, ಒಂದು ಸಲಕ್ಕೆ ಒಂದೇ ಬದಲಾವಣೆ. “ಅಂಗಡಿಗೆ ಹೋಗಿಬರ್ತೀನಿ” ಎಂದು ಕೂಗಿ ಹೇಳಿ, ಚಪ್ಪಲಿ ಚಟಪಟ ಎನ್ನಿಸುತ್ತ ಗೇಟಿನವರೆಗೆ ನಡೆದೆ. ಅಲ್ಲಿ ಚಪ್ಪಲಿ ಕೈಗೆತ್ತಿಕೊಂಡು, ಬರಿಗಾಲಲ್ಲಿ ಗೋಡೆ ಬದಿಯಲ್ಲೇ ಬಂದು, ನನ್ನ ಮನೆಯ ಕಿಟಕಿಯಲ್ಲಿ ನಾನೇ ಕಳ್ಳನಂತೆ ಇಣುಕಿದೆ.

ಒಳಗೆ ಮದುವೆ ಭರ್ಜರಿಯಾಗಿ ನಡೆದಿತ್ತು. ಇವಳ ಕಣ್ಣು ಪರದೆಯ ಮೇಲೆ. ಅತ್ತೆಯವರು ಕುರ್ಚಿಗೆ ಒರಗಿ, ಎದುರಿನ ಗಿಡ್ಡ ಸ್ಟೂಲಿನ ಮೇಲಿದ್ದ ಚಪ್ಪಟೆ ಕಂಪ್ಯೂಟರ್ ಪೆಟ್ಟಿಗೆಯ ಮೇಲೆ ಎರಡೂ ಕಾಲು ಚಾಚಿದ್ದರು. ಪೆಟ್ಟಿಗೆಯ ಕಾವು ಅವರ ಪಾದಗಳಿಗೆ ಹಿತವಾಗಿತ್ತು. ಅವರ ಹಿಮ್ಮಡಿ ಪೆಟ್ಟಿಗೆಗೆ ಹಿತವಾಗಿತ್ತು. ಉಬ್ಬಿದ ಮುಚ್ಚಳ ಒತ್ತಿದಾಗ, ಡ್ರೈವಿನ ಹಿಂದೆ ಕೇಬಲ್ ಕೂರುವ ಸಡಿಲ ಜಾಗ ಬಿಗಿಯಾಗುತ್ತಿತ್ತು. ನನ್ನ ಹೆಜ್ಜೆ ಸದ್ದು ಕೇಳಿದೊಡನೆ ಅಳಿಯನ ಮೇಲಿನ ಗೌರವದಿಂದ ಕಾಲು ಕೆಳಗಿಳಿಯುತ್ತಿತ್ತು. ತಟ್ಟೆ ಹೊರಬರುತ್ತಿತ್ತು.

“ಸಿಕ್ತು, ಸಿಕ್ತು” ಎಂದು ಒಳಗೆ ನುಗ್ಗಿದೆ. ಕಾಲು ಇಳಿಯಿತು. ತಟ್ಟೆ ಬಂತು.

“ಅತ್ತೆ, ದಯವಿಟ್ಟು ಕಾಲು ಮೇಲಿಡಿ.”

“ಅಯ್ಯೋ, ಅಳಿಯಂದಿರ ಮುಂದೆ ಕಾಲು ಚಾಚ್ಲೇ? ಈ ವಯಸ್ಸಲ್ಲಿ ಅದೊಂದು ಬಾಕಿ ಇತ್ತು.”

ನನ್ನ ಭೌತಶಾಸ್ತ್ರದ ದಪ್ಪ ಪುಸ್ತಕಗಳನ್ನು ಪೇರಿಸಿದೆ. ಓದಲಿಲ್ಲ. ನನ್ನದೇ ಕಾಲಿಟ್ಟೆ. ಪೆಟ್ಟಿಗೆ ಕಿರ್ರೆಂದಿತು, ತಟ್ಟೆ ನನ್ನ ಮೊಣಕಾಲಿಗೇ ಬಡಿಯಿತು.

“ಕಾಲ್ಗುಣ ಅಂದ್ರೆ ನಂಬ್ಲಿಲ್ಲ” ಎಂದಳು ಇವಳು ನಿಧಾನವಾಗಿ. ಈ ಸಂತೋಷವನ್ನು ಅವಳು ಚಪ್ಪರಿಸಿಕೊಂಡು ಅನುಭವಿಸುತ್ತಿದ್ದಳು.

“ಅದು ಕಾಲ್ಗುಣ ಅಲ್ಲ ಕಣೇ, ಒತ್ತಡ.”

“ಒತ್ತಡವೋ ಏನೋ, ನೀವು ಆಚೆ ನಡೀರಿ. ಅಮ್ಮ ಮದುವೆ ನೋಡ್ಲಿ.”

ವಿಜ್ಞಾನ ಓದಿದವನು ಸಾಕ್ಷ್ಯಕ್ಕೆ ತಲೆಬಾಗಬೇಕು. ಚಪ್ಪಲಿ ಕೈಗೆತ್ತಿಕೊಂಡು ಆಚೆ ನಡೆದೆ. ಬಾಗಿಲು ಮುಚ್ಚಿತು, ಒಳಗೆ ವಾಲಗ ಶುರುವಾಯಿತು. ಮೊದಲು ಇವಳ ನಗು, ಆಮೇಲೆ ಇಬ್ಬರ ನಗು. ನಡುವೆ ಅತ್ತೆಯವರ ದನಿ: “ಅಳಿಯಂದಿರು ಆಗ ಎಷ್ಟು ತೆಳ್ಳಗಿದ್ರು ಕಣೇ.” ಅವರು ಕಡೆಗೂ ಮಗಳ ಮದುವೆ ನೋಡುತ್ತಿದ್ದರು. ನನ್ನ ಮದುವೆಗೆ ನಾನೊಬ್ಬನೇ ಹೊರಗಿದ್ದೆ. ಆದರೂ, ಹೇಳಬಾರದು, ಮನಸ್ಸು ತಂಪಾಗಿತ್ತು.

ಅಷ್ಟರಲ್ಲಿ ಗೇಟಿನ ಮುಂದೆ ತಳ್ಳುಗಾಡಿ ನಿಂತಿತು. ಗುಜರಿಯವನು ಅಂಗಳದ ಆ ಕಡೆ ನೋಡಿದ, ಈ ಕಡೆ ನೋಡಿದ. ಬಾಗಿಲ ಹೊರಗೆ ಇದ್ದದ್ದು ಕೈಯಲ್ಲಿ ಚಪ್ಪಲಿ ಹಿಡಿದ ನಾನೊಬ್ಬನೇ. ಅವನ ಕಣ್ಣು ನನ್ನ ಮೇಲೆ, ತೂಕ ಅಂದಾಜು ಮಾಡುವ ರೀತಿಯಲ್ಲಿ, ಸ್ವಲ್ಪ ಹೊತ್ತು ನಿಂತಿತು.

“ಅಮ್ಮಾ” ಎಂದು ಕಿಟಕಿಯತ್ತ ಕೂಗಿದ. “ಹಳೇದು, ಓಡದೇ ಇರೋದು, ಹೊರಗಿರುತ್ತೆ ಅಂದಿದ್ರಲ್ಲಾ. ತಗೊಂಡು ಹೋಗ್ಲಾ?”

ಒಳಗಿನಿಂದ ನನ್ನವಳ ದನಿ ಬಂತು, ನಗುವಿನ ನಡುವೆಯೇ:

“ಇರ್ಲಿ ಬಿಡಪ್ಪಾ, ಮದುವೆ ಇನ್ನೂ ಮುಗಿದಿಲ್ಲ.”